ನಿತ್ಯಪುಷ್ಪದ ಕಷಾಯ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿತ್ಯಪುಷ್ಪದ ಎಲೆಯ ಕಷಾಯ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ವಿಡಿಯೊ ಮೊನ್ನೆಯಿಂದ ನಮ್ಮ ಗುಂಪಿನಲ್ಲಿ ಸುತ್ತುತ್ತಿದೆ. ಚಿಕಿತ್ಸೆಯಲ್ಲಿರುವವರು, ಅವರನ್ನು ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಅದರಲ್ಲಿ ಅರ್ಧ ಸತ್ಯವಿದೆ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಗಳು ಬಂದದ್ದು ಅಂಗಳದ ಆ ಗಿಡದಿಂದಲೇ. ವಿನ್‌ಕ್ರಿಸ್ಟಿನ್‌ಗೆ 1963ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋಶ ಎರಡಾಗುವಾಗ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಸೂಕ್ಷ್ಮ ಎಳೆಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ವಿಭಜನೆ ನಡುವೆಯೇ ನಿಂತಾಗ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಆದರೆ ಎಲೆಯಲ್ಲಿ ಈ ಅಂಶ ಅತ್ಯಲ್ಪ, ಜೊತೆಗೆ ಬೇರೆ ವಿಷಕಾರಿ ಅಂಶಗಳೂ ಇವೆ. ಆಸ್ಪತ್ರೆಯಲ್ಲಿ ದೇಹದ ಅಳತೆಗೆ ಲೆಕ್ಕ ಹಾಕಿ ರಕ್ತನಾಳಕ್ಕೆ ಕೊಟ್ಟಾಗಲೂ ವಿನ್‌ಕ್ರಿಸ್ಟಿನ್ ನರಗಳಿಗೆ ಪೆಟ್ಟು ಕೊಡುವುದುಂಟು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಕೂಡ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ. ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಮಾತ್ರ ತೀರಾ ಕಡಿಮೆ. (ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರ ತಕರಾರೂ ಇಲ್ಲ!)

ಕಷಾಯ, ಚೂರ್ಣ, ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಹೆಸರು, ಪ್ರಮಾಣ ಬರೆದುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ. ಕೀಮೊ ನಿಲ್ಲಿಸಬೇಡಿ. ಆ ವಿಡಿಯೊವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕುಡಿದವರು ಸಂಕೋಚಪಡದೆ ಇಂದೇ ನಿಮ್ಮ ವೈದ್ಯರಿಗೆ ಕರೆ ಮಾಡಿ.

ಭಾನುವಾರದ ಸಭೆಯಲ್ಲಿ ಇದನ್ನೇ ಮಾತನಾಡೋಣ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಿ.