ಹೀತ್‌ಕ್ಲಿಫ್‌ನ ಕಣ್ಣೀರು ನೋಡಿದಿರಿ, ಕಾಗದಪತ್ರ ನೋಡಲಿಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಲೇಖಕಿ ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನಕ್ಕೆ ಓದುಗರು ಬರೆದ ಪ್ರತಿಕ್ರಿಯೆಗಳನ್ನೆಲ್ಲ ಓದಿದೆ. ಹೆಚ್ಚುಕಡಿಮೆ ಎರಡು ಬಣ. ಒಂದು ಬಣದವರಿಗೆ ನಾಯಕ ಹೀತ್‌ಕ್ಲಿಫ್ ಹೆಸರೆತ್ತಿದರೆ ಮೈಯೆಲ್ಲ ಉರಿ. ಇಂಥ ನೀಚನ ಕಥೆಯನ್ನು ಕೊನೆಯವರೆಗೆ ಓದಿ ನಮಗೆ ದಕ್ಕಿದ್ದೇನು ಎಂಬುದು ಅವರ ತಕರಾರು. ಇನ್ನೊಂದು ಬಣದವರು ಅವನ ಪರ ವಕಾಲತ್ತಿಗೆ ನಿಂತಿದ್ದಾರೆ. ಅನಾಥ, ಅವಮಾನ ಉಂಡವನು, ಪ್ರೀತಿ ಕಳೆದುಕೊಂಡವನು, ಪಾಪ. ಒಬ್ಬರಂತೂ ಪ್ರೀತಿಸಿದರೆ ಹೀಗೆ ಪ್ರೀತಿಸಬೇಕು ಎಂದೇ ಬರೆದುಬಿಟ್ಟಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ನಾನು ಸಾಹಿತ್ಯದ ಮೇಷ್ಟ್ರಲ್ಲ. ಹೊಟ್ಟೆಪಾಡಿಗೆ ಮಾಡಿದ್ದು ಪತ್ರ ಬರೆಯುವ ಕಸುಬು: ಕ್ರಯಪತ್ರ, ಅಡಮಾನ ಪತ್ರ, ವಿಭಾಗ ಪತ್ರ, ಉಯಿಲು. ಅದರಿಂದಾಗಿ ಕಾದಂಬರಿ ಹಿಡಿದರೂ ನನ್ನ ಕಣ್ಣು ಮೊದಲು ಹೋಗುವುದು ಯಾರ ಆಸ್ತಿ ಯಾರ ಹೆಸರಿಗಾಯಿತು ಎನ್ನುವ ಕಡೆಗೇ. ಚಟ ಅನ್ನಿ. ಈ ಪುಸ್ತಕದ ಮಟ್ಟಿಗೆ ಆ ಚಟ ಕೆಲಸಕ್ಕೆ ಬಂತು. ಎರಡೂ ಬಣದವರು ನೋಡಿರುವುದು ಹೀತ್‌ಕ್ಲಿಫ್‌ನ ಹಲ್ಲುಕಡಿತ, ಗೋಳಾಟ, ಗೋರಿ ಅಗೆತ ಇಷ್ಟನ್ನೇ. ಅವನು ಮಾಡಿಸಿಕೊಂಡ ಕಾಗದಗಳತ್ತ ಯಾರ ಗಮನವೂ ಹೋಗಿಲ್ಲ. ಅವನ ಕ್ರೌರ್ಯವೆಲ್ಲ ಇರುವುದು ಅಲ್ಲಿಯೇ.

ಲೆಕ್ಕ ಹೀಗಿದೆ. ಲಿವರ್‌ಪೂಲ್‌ನ ಬೀದಿಯಿಂದ ವದರಿಂಗ್ ಹೈಟ್ಸ್ ಎಂಬ ಮನೆಯ ಯಜಮಾನ, ಮುದುಕ ಅರ್ನ್‌ಶಾ ಎತ್ತಿಕೊಂಡು ಬಂದ ಹುಡುಗ ಹೀತ್‌ಕ್ಲಿಫ್. ಮುದುಕ ಸತ್ತ ಮೇಲೆ ಮಗ ಹಿಂಡ್ಲಿ ಇವನನ್ನು ಆಳಿನ ಮಟ್ಟಕ್ಕೆ ಇಳಿಸುತ್ತಾನೆ. ಹೀತ್‌ಕ್ಲಿಫ್ ಪ್ರೀತಿಸಿದ, ಹಿಂಡ್ಲಿಯ ತಂಗಿ ಕ್ಯಾಥರಿನ್ ನೆರೆಯ ಗ್ರೇಂಜ್ ಎಂಬ ಮನೆಯ ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ಒಪ್ಪುತ್ತಾಳೆ. ಹೀತ್‌ಕ್ಲಿಫ್ ಮನೆ ಬಿಟ್ಟು ಹೋಗಿ ಮೂರು ವರ್ಷದ ಮೇಲೆ ಕೈತುಂಬ ದುಡ್ಡಿನೊಂದಿಗೆ ವಾಪಸಾಗುತ್ತಾನೆ. ದುಡ್ಡು ಎಲ್ಲಿಂದ ಬಂತೆಂದು ಎಮಿಲಿ ಹೇಳುವುದೇ ಇಲ್ಲ. ಇಷ್ಟು ಎಲ್ಲರಿಗೂ ನೆನಪಿದೆ. ಮುಂದಿನದು? ಹೆಂಡತಿ ಸತ್ತ ದುಃಖದಲ್ಲಿ ಕುಡಿತ, ಇಸ್ಪೀಟಿಗೆ ಬಿದ್ದಿದ್ದ ಹಿಂಡ್ಲಿಗೆ ಇವನು ಸಾಲ ಕೊಡುತ್ತ ಹೋಗುತ್ತಾನೆ. ಹಿಂಡ್ಲಿ ಸಾಯುವ ಹೊತ್ತಿಗೆ ಅವನ ಜಮೀನಿನ ಗೇಣು ಗೇಣೂ ಅಡಮಾನ, ಅಡಮಾನ ಹಿಡಿದವನು ಹೀತ್‌ಕ್ಲಿಫ್. ಒಂದು ಪತ್ರವಾದರೂ ಬಲವಂತದ್ದಲ್ಲ. ರುಜು ಹಿಂಡ್ಲಿಯದೇ. ಇಂಥ ಪತ್ರಗಳನ್ನು ನನ್ನ ಕೈಯಾರೆ ಬರೆದವನು ನಾನು. ಎದುರು ಕೂತು ರುಜು ಹಾಕುವವನ ಮುಖ ಹೇಗಿರುತ್ತದೆಂದು ಬಲ್ಲೆ. ಅಲ್ಲಿ ಕೂಗಾಟ ಇರುವುದಿಲ್ಲ. ‘ಎಲ್ಲಿ ಹಾಕಲಿ?’ ಎಂದು ಕೇಳುತ್ತಾನೆ, ಅಷ್ಟೇ.

ಹಿಂಡ್ಲಿಯ ಅಂತ್ಯಸಂಸ್ಕಾರದ ದಿನ ಹೀತ್‌ಕ್ಲಿಫ್ ಅವನ ಪುಟ್ಟ ಮಗ ಹೇರ್ಟನ್‌ನನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸಿ ಹೇಳುವ ಮಾತು ಹದಿನೇಳನೇ ಅಧ್ಯಾಯದಲ್ಲಿದೆ: ಈಗ ನೀನು ನನ್ನವನು ಕಣೋ ಮರಿ, ಅದೇ ಗಾಳಿಗೆ ಸಿಕ್ಕರೆ ಈ ಮರವೂ ಆ ಮರದ ಹಾಗೇ ಸೊಟ್ಟಗೆ ಬೆಳೆಯುತ್ತದೋ ಇಲ್ಲವೋ ನೋಡೋಣ. ಆ ಮಗು ಅವನ ಗಡ್ಡದ ಜೊತೆ ಆಡುತ್ತ ಅವನ ಕೆನ್ನೆ ಸವರುತ್ತದೆ. ಊರಿಗೇ ದೊಡ್ಡ ಮನುಷ್ಯನಾಗಬೇಕಿದ್ದ ಹುಡುಗ ತನ್ನ ಮನೆಯಲ್ಲೇ ಸಂಬಳವಿಲ್ಲದ ಆಳಾಗಿ, ಅಕ್ಷರವೊಂದನ್ನೂ ಕಲಿಯದೆ ಬೆಳೆಯುತ್ತಾನೆ. ಆ ಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ 1500 ಎಂಬ ಇಸವಿ, ಪಕ್ಕದಲ್ಲಿ ವಂಶದ ಪೂರ್ವಿಕನ ಹೆಸರು, ಹೇರ್ಟನ್ ಅರ್ನ್‌ಶಾ, ಕೆತ್ತಿದೆ. ಇವನ ಹೆಸರೂ ಅದೇ. ಕಷ್ಟಪಟ್ಟು ಕಲಿತು ಒಂದು ದಿನ ಅದನ್ನು ಕೂಡಿಸಿ ಕೂಡಿಸಿ ಓದಿ ತೋರಿಸುತ್ತಾನೆ. ಅಂಕಿ ಓದು ಎಂದರೆ, ಅದಿನ್ನೂ ಬರದು ಎನ್ನುತ್ತಾನೆ. ಎದುರಿಗಿದ್ದ ಹುಡುಗಿ, ಸತ್ತ ಕ್ಯಾಥರಿನ್‌ಳ ಮಗಳು ಕ್ಯಾಥಿ, ದಡ್ಡ ಎಂದು ನಗುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಕ್ರೂರ ಅನಿಸಿದ್ದು ಈ ಪುಟ. ಹೀತ್‌ಕ್ಲಿಫ್ ಅಲ್ಲಿ ಇಲ್ಲವೇ ಇಲ್ಲ. ಅವನ ಕೆಲಸ ಅವನಿಲ್ಲದೆಯೂ ನಡೆಯುತ್ತಿದೆ.

ಎರಡನೇ ಆಸ್ತಿಯನ್ನು ಅವನು ಹೊಡೆದದ್ದು ಮದುವೆಯ ದಾರಿಯಲ್ಲಿ. ಎಡ್ಗರ್‌ನ ತಂಗಿ ಇಸಬೆಲ್ಲಾಳನ್ನು ಕಟ್ಟಿಕೊಂಡು, ಅವಳಲ್ಲಿ ಹುಟ್ಟಿದ ರೋಗಿಷ್ಠ ಮಗ ಲಿಂಟನ್‌ನನ್ನು ಇಟ್ಟುಕೊಂಡು, ಎಡ್ಗರ್ ಸಾಯುವ ಹಾಸಿಗೆಯಲ್ಲಿರುವಾಗ ಅವನ ಮಗಳು ಕ್ಯಾಥಿಯನ್ನು ಮನೆಯೊಳಗೆ ಕೂಡಿಹಾಕಿ, ಕಪಾಳಕ್ಕೆ ಬಾರಿಸಿ, ಮಗನಿಗೆ ಮದುವೆ ಮಾಡಿಸುತ್ತಾನೆ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನದು. ಅದು ಬದಲಾಗಲು 1870 ಮತ್ತು 1882ರ ಕಾಯ್ದೆಗಳು ಬರಬೇಕಾಯಿತು. ಮಗಳ ಪಾಲನ್ನು ಟ್ರಸ್ಟಿಗಳ ಕೈಗೆ ಒಪ್ಪಿಸಿ ಉಳಿಸೋಣವೆಂದು ಎಡ್ಗರ್ ವಕೀಲನಿಗೆ ಹೇಳಿಕಳಿಸುತ್ತಾನೆ. ವಕೀಲ ಆಗಲೇ ಹೀತ್‌ಕ್ಲಿಫ್‌ಗೆ ಮಾರಿಕೊಂಡಿದ್ದಾನೆ, ಎಡ್ಗರ್ ಸತ್ತ ಮೇಲೆ ಸಾವಕಾಶವಾಗಿ ಬರುತ್ತಾನೆ. (ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.) ಸ್ವಲ್ಪ ದಿನಕ್ಕೆ ಹೀತ್‌ಕ್ಲಿಫ್‌ನ ಮಗ ಲಿಂಟನ್‌ನೂ ಸಾಯುತ್ತಾನೆ, ಸಾಯುವ ಮೊದಲು ತನ್ನ ಮತ್ತು ಹೆಂಡತಿಯ ಚರಾಸ್ತಿಯನ್ನೆಲ್ಲ ಅಪ್ಪನಿಗೆ ಬರೆದುಕೊಟ್ಟು. ಅಪ್ರಾಪ್ತನಾದ್ದರಿಂದ ಜಮೀನನ್ನು ಬರೆದುಕೊಡುವ ಹಕ್ಕು ಅವನಿಗಿರಲಿಲ್ಲ; ಹೀತ್‌ಕ್ಲಿಫ್ ಅದನ್ನೂ ಹೇಗೋ ಹಿಡಿದಿಟ್ಟುಕೊಂಡ. ಬರಿಗೈಯ ಹುಡುಗಿ ಯಾವ ಕೋರ್ಟಿಗೆ ಹೋಗಿಯಾಳು? ಈ ಆಸ್ತಿ ವ್ಯವಹಾರವನ್ನು ಕಾನೂನಿನ ಕಣ್ಣಲ್ಲಿ ಪರೀಕ್ಷಿಸಿ ಸಿ. ಪಿ. ಸ್ಯಾಂಗರ್ ಎಂಬ ವಕೀಲರು 1926ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಹಳ್ಳಿಯ ಪಾದ್ರಿಯ ಮಗಳಿಗೆ ಇಷ್ಟು ಕಾನೂನು ಎಲ್ಲಿಂದ ಬಂತೆಂದು ಬೆರಗಾಗುವಷ್ಟು ಲೆಕ್ಕ ಸರಿಯಿದೆ.

ಹೆಂಡತಿಯನ್ನು ಹಿಂಸಿಸುವಾಗಲೂ ತಾನು ಕಾನೂನಿನ ಗೆರೆ ದಾಟುವುದಿಲ್ಲ, ಬೇರೆಯಾಗುತ್ತೇನೆಂದು ಕೇಳಲು ಅವಳಿಗೆ ಎಳ್ಳಷ್ಟೂ ಆಧಾರ ಕೊಟ್ಟಿಲ್ಲ ಎಂದು ಹೀತ್‌ಕ್ಲಿಫ್ ಜಂಬದಿಂದ ಹೇಳಿಕೊಳ್ಳುತ್ತಾನೆ. ಮಗನ ಬಗ್ಗೆ ಮನೆಗೆಲಸದ ನೆಲ್ಲಿಗೆ ಹೇಳುವ ಮಾತು ಇನ್ನೂ ನೇರ: ಇವನ ಆಸ್ತಿ ನನಗೇ ಬರುತ್ತದೆಂದು ಖಾತ್ರಿಯಾಗುವ ತನಕ ಇವನು ಸಾಯಬಾರದು. ಇಂಥವನನ್ನು ‘ಬಿರುಗಾಳಿ’, ‘ಪ್ರಳಯ’ ಎಂದು ವರ್ಣಿಸಿದವರು ದಯವಿಟ್ಟು ಈ ಎರಡು ಮಾತುಗಳನ್ನು ಇನ್ನೊಮ್ಮೆ ಓದಬೇಕು. ಬಿರುಗಾಳಿ ಲೆಕ್ಕ ಇಡುವುದಿಲ್ಲ.

ಪ್ರೇಮಿ ಬಣದವರಿಗೆ ಉತ್ತರವನ್ನು ಹೀತ್‌ಕ್ಲಿಫ್‌ನೇ ಕೊಟ್ಟಿದ್ದಾನೆ, ನಾನೇನೂ ಸೇರಿಸಬೇಕಿಲ್ಲ. ಹದಿನಾಲ್ಕನೇ ಅಧ್ಯಾಯದಲ್ಲಿ ಇಸಬೆಲ್ಲಾಳ ಎದುರಿಗೇ ಅವಳನ್ನು ಹಂಗಿಸುತ್ತಾನೆ: ಇವಳು ನನ್ನನ್ನು ಪ್ರಣಯ ಕಥೆಯ ನಾಯಕ ಎಂದುಕೊಂಡು ಬಂದಳು. ಅವಳ ಜೊತೆ ಓಡಿಹೋದ ರಾತ್ರಿ ಅವನು ಮಾಡಿದ ಮೊದಲ ಕೆಲಸ ಅವಳ ನಾಯಿಮರಿಯನ್ನು ನೇಣು ಹಾಕಿದ್ದು. ಕರವಸ್ತ್ರದಲ್ಲಿ ನೇತಾಡುತ್ತಿದ್ದ ಅದನ್ನು ಕೊನೆಯುಸಿರಿನಲ್ಲಿರುವಾಗ ನೆಲ್ಲಿ ಬಿಡಿಸಿದಳು. ಅದನ್ನು ಕಣ್ಣಾರೆ ಕಂಡೂ ಇಸಬೆಲ್ಲಾ ಅವನ ಹಿಂದೆ ಹೋದಳು. ಹೀತ್‌ಕ್ಲಿಫ್‌ಗೆ ಮರುಳಾಗುವ ಓದುಗರು ಬರುತ್ತಾರೆಂದು ಎಮಿಲಿಗೆ ಗೊತ್ತಿತ್ತು, ಅವರಿಗೆ ಪುಸ್ತಕದೊಳಗೇ ಜಾಗ ಮಾಡಿಟ್ಟಳು. ಇಸಬೆಲ್ಲಾ ಮಾತ್ರವಲ್ಲ. ನೆಲ್ಲಿಯ ಬಾಯಿಂದ ಕಥೆ ಕೇಳುವ, ಹೀತ್‌ಕ್ಲಿಫ್‌ನ ಬಾಡಿಗೆದಾರ ಲಾಕ್‌ವುಡ್ ಮೊದಲ ಪುಟದಲ್ಲೇ ಈತನನ್ನು ಬಲು ಒಳ್ಳೆಯ ಆಸಾಮಿ ಎಂದು ಮೆಚ್ಚಿಕೊಳ್ಳುತ್ತಾನೆ. ನಾಲ್ಕು ಪುಟ ದಾಟುವುದರೊಳಗೆ ಅದೇ ಆಸಾಮಿಯ ನಾಯಿಗಳು ಅವನ ಮೈಮೇಲೆ ಎರಗುತ್ತವೆ. ನೆಲ್ಲಿಯಂತೂ ಕಥೆಯ ಕೊನೆಗೂ ಇವನು ಪಿಶಾಚಿಯೋ ಏನೋ ಎಂದು ಹೆದರಿ, ಮರುಕ್ಷಣ, ಛೇ, ನಾನೇ ಆಡಿಸಿ ಬೆಳೆಸಿದ ಮಗು ಎನ್ನುತ್ತಾಳೆ.

ಪುಸ್ತಕ ಎಸೆಯುವ ಬಣವೂ ಹೊಸದಲ್ಲ. 1847ರ ಡಿಸೆಂಬರ್‌ನಲ್ಲಿ ‘ಎಲಿಸ್ ಬೆಲ್’ ಎಂಬ ಗಂಡು ಹೆಸರಿನಲ್ಲಿ ಕಾದಂಬರಿ ಬಂದಾಗ ಲಂಡನ್ನಿನ ಪತ್ರಿಕೆಗಳು ಅದರ ಕಾಡುತನಕ್ಕೆ ಬೆಚ್ಚಿಬಿದ್ದವು. ಹನ್ನೆರಡು ಅಧ್ಯಾಯ ಮುಗಿಸುವ ಮೊದಲು ಇದನ್ನು ಬರೆದವನು ಆತ್ಮಹತ್ಯೆ ಮಾಡಿಕೊಳ್ಳದೆ ಹೇಗೆ ಉಳಿದ ಎಂದು ಅಮೆರಿಕದ ಒಂದು ಪತ್ರಿಕೆ ಕೇಳಿತು. ಕವಿ ರೊಸೆಟ್ಟಿ 1854ರಲ್ಲಿ ಗೆಳೆಯನಿಗೆ ಬರೆದದ್ದು ಮಾತ್ರ ಮಜವಾಗಿದೆ: ಕಥೆ ನಡೆಯುವುದು ನರಕದಲ್ಲಿ, ಅಲ್ಲಿನ ಜನಕ್ಕೂ ಊರಿಗೂ ಇಂಗ್ಲಿಷ್ ಹೆಸರಿದೆ ಅಷ್ಟೆ. ಎಮಿಲಿ ಯಾರಿಗೂ ಉತ್ತರ ಕೊಡಲಿಲ್ಲ. ಅಂಥದೊಂದು ವಿಮರ್ಶೆಯನ್ನು ಅಕ್ಕ ಷಾರ್ಲಟ್ 1848ರ ನವೆಂಬರ್‌ನಲ್ಲಿ ಓದಿ ಹೇಳಿದಾಗ ಕುರ್ಚಿಗೊರಗಿ ಅರ್ಧ ತಮಾಷೆ, ಅರ್ಧ ತಾತ್ಸಾರದಲ್ಲಿ ಮುಗುಳ್ನಕ್ಕಳಂತೆ. ಮುಂದಿನ ತಿಂಗಳು 19ರಂದು ತೀರಿಕೊಂಡಳು, 30ರ ವಯಸ್ಸಿನಲ್ಲಿ. ಅವಳ ಬರೆಯುವ ಪೆಟ್ಟಿಗೆಯಲ್ಲಿ ಐದು ವಿಮರ್ಶೆಗಳ ಕತ್ತರಿಕೆಗಳು ಸಿಕ್ಕವು.

1850ರ ಆವೃತ್ತಿಗೆ ಮುನ್ನುಡಿ ಬರೆದ ಷಾರ್ಲಟ್, ಹೀತ್‌ಕ್ಲಿಫ್‌ನಂಥವರನ್ನು ಸೃಷ್ಟಿಸುವುದು ಸರಿಯೋ ತಪ್ಪೋ ತಿಳಿಯದು, ಸರಿಯಲ್ಲವೇನೋ ಎಂದು ತಂಗಿಯ ಪರವಾಗಿ ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಳು. ಆ ಧಾಟಿ ನನಗೆ ಹಿಡಿಸದು. ಆದರೆ ಅದೇ ಮುನ್ನುಡಿಯಲ್ಲಿ ನಮ್ಮ ಪ್ರೇಮಿ ಬಣದವರಿಗೆ ಕಾಣದ್ದನ್ನು ಕಂಡಿದ್ದಾಳೆ. ಹೀತ್‌ಕ್ಲಿಫ್‌ನಲ್ಲಿ ಮನುಷ್ಯತ್ವದ ಎಳೆ ಎಂದು ಅವಳು ತೋರಿಸುವುದು ಕ್ಯಾಥರಿನ್ ಮೇಲಿನ ಪ್ರೀತಿಯನ್ನಲ್ಲ, ತಾನೇ ಹಾಳುಮಾಡಿದ ಹೇರ್ಟನ್ ಮೇಲೆ ಅವನಿಗಿದ್ದ ಒರಟು ಅಕ್ಕರೆಯನ್ನು.

ಸಿನಿಮಾ ನೋಡಿದವರಿಗೆ ಹೇರ್ಟನ್ ಯಾರೆಂದೇ ಗೊತ್ತಿರಲಿಕ್ಕಿಲ್ಲ. 1939ರ ಪ್ರಸಿದ್ಧ ಚಿತ್ರ ಎರಡನೇ ತಲೆಮಾರನ್ನೇ ಕತ್ತರಿಸಿ, ಕೊನೆಗೆ ಪ್ರೇಮಿಗಳ ಆತ್ಮಗಳನ್ನು ಹಿಮದಲ್ಲಿ ಜೋಡಿಯಾಗಿ ನಡೆಸಿಬಿಟ್ಟಿತು. ಪುಸ್ತಕದಲ್ಲಿ ಇರುವುದು 34 ಅಧ್ಯಾಯ. ಕ್ಯಾಥರಿನ್ ಸಾಯುವುದು ಹದಿನಾರನೆಯದರಲ್ಲಿ. ಅಡಮಾನ, ಉಯಿಲು, ಬಲವಂತದ ಮದುವೆ ಬಹುಪಾಲು ಇರುವುದು ಆಮೇಲೆ.

ಕೊನೆಗೆ ಏನಾಗುತ್ತದೆ ನೋಡಿ. ಎರಡೂ ಮನೆ ಕೈಗೆ ಬಂದಿವೆ. ಕ್ಯಾಥಿ ಹೇರ್ಟನ್‌ಗೆ ಓದಲು ಕಲಿಸುತ್ತಿದ್ದಾಳೆ. ಅವರಿಬ್ಬರೂ ಒಟ್ಟಿಗೆ ತಲೆಯೆತ್ತಿದಾಗ ಆ ಎರಡು ಜೊತೆ ಕಣ್ಣಲ್ಲೂ ಹೀತ್‌ಕ್ಲಿಫ್‌ಗೆ ಸತ್ತವಳ ಕಣ್ಣೇ ಕಾಣುತ್ತದೆ. ಮನೆ ಕೆಡವಲು ಹಾರೆ ಗುದ್ದಲಿ ಎಲ್ಲ ಸಿದ್ಧವಾದ ಮೇಲೆ ಒಂದು ಹೆಂಚು ತೆಗೆಯುವ ಮನಸ್ಸೂ ಇಲ್ಲ ಎನ್ನುತ್ತಾನೆ. ಇದನ್ನು ಪಶ್ಚಾತ್ತಾಪ ಎಂದು ಒಬ್ಬ ಓದುಗರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ, ಯಾರಿಗೂ ಅನ್ಯಾಯ ಮಾಡಿಲ್ಲ ಎಂದು ಸಾಯುವ ಮುಂಚೆಯೂ ಅವನೇ ಹೇಳುತ್ತಾನೆ. ನನ್ನ ಕಸುಬಿನ ಕಣ್ಣಿಗೆ ಬಿದ್ದದ್ದು ಬೇರೆ: ಜೀವಮಾನವೆಲ್ಲ ಬೇರೆಯವರಿಂದ ಬರೆಸಿಕೊಂಡವನು ತನ್ನ ಉಯಿಲನ್ನೇ ಬರೆಯದೆ ಸಾಯುತ್ತಾನೆ. ಯಾರಿಗೆ ಬಿಡಲಿ ತಿಳಿಯದು, ಈ ಆಸ್ತಿಯನ್ನೇ ಭೂಮಿಯ ಮೇಲಿಂದ ಅಳಿಸಿಹಾಕುವಂತಿದ್ದರೆ ಎನ್ನುತ್ತಾನೆ. ಒಳ್ಳೆಯತನದಿಂದ ಯಾವುದನ್ನೂ ಹಿಂದಿರುಗಿಸುವುದಿಲ್ಲ. ಹಿಡಿದ ಕೈ ಸಡಿಲವಾಯಿತು ಅಷ್ಟೆ, ಸೊತ್ತು ವಾರಸುದಾರರ ಕಡೆ ಹೊರಳಿತು. ಇಷ್ಟು ಒಣಗಿದ ಅಂತ್ಯ ಬರೆಯಲು ಧೈರ್ಯ ಬೇಕು.

ಅವನ ಹೆಣದ ಬಳಿ ಮುದಿ ಆಳು ಜೋಸೆಫ್ ಕುಣಿಯುವುದೊಂದು ಬಾಕಿ. ಹಳೇ ವಂಶಕ್ಕೆ ಹಕ್ಕು ಮರಳಿತೆಂದು ಮಂಡಿಯೂರಿ ದೇವರಿಗೆ ವಂದಿಸುತ್ತಾನೆ. ರಾತ್ರಿಯಿಡೀ ಕೂತು ಬಿಕ್ಕಿ ಬಿಕ್ಕಿ ಅತ್ತವನು ಎಲ್ಲರಿಗಿಂತ ಹೆಚ್ಚು ಅನ್ಯಾಯ ಉಂಡ ಹೇರ್ಟನ್. ಅವನಿಗೇಕೆ ಅಳು ಬಂತು ಎನ್ನುವುದನ್ನು ಯಾವ ಓದುಗರೂ ಎತ್ತಿಲ್ಲ. ನನಗೂ ಪೂರ್ತಿ ಬಗೆಹರಿದಿಲ್ಲ. ಹೀತ್‌ಕ್ಲಿಫ್ ಇಷ್ಟವೋ ಕಷ್ಟವೋ ಎಂಬ ಚರ್ಚೆಗೆ ಕೊಟ್ಟ ಅಂಕಣದಲ್ಲಿ ಅರ್ಧವನ್ನಾದರೂ ಮುಂದಿನ ವಾರ ಈ ಪ್ರಶ್ನೆಗೆ ಬಿಟ್ಟುಕೊಟ್ಟರೆ ಉಪಕಾರ. ಅರ್ಧಕ್ಕೇ ಪುಸ್ತಕ ಮುಚ್ಚಿದವರು ಹದಿನೇಳನೇ ಅಧ್ಯಾಯದಿಂದ ಶುರುಮಾಡಿದರೂ ಸಾಕು, ಅಷ್ಟರಲ್ಲಿ ಬರೆದು ಕಳಿಸಲು ಸಮಯವಿದೆ.

ಇತಿ,
ನಿವೃತ್ತ ಪತ್ರ ಬರಹಗಾರ, ನಿಮ್ಮ ಹಳೆಯ ಓದುಗ