ಅಡಿಕೆ ರೇಟೂ ಎಂಬಿಎ ಪಾಠವಾಗಲಿ

ಮಾನ್ಯರೇ,

ಮಗಳು ಎಂಬಿಎ ಓದುತ್ತಿದ್ದಾಳೆ. ಡೇಟಾ ಅನಾಲಿಸಿಸ್ ಪಾಠದ ಲೆಕ್ಕವೆಲ್ಲ ಹೊರದೇಶದ ಅಂಗಡಿಗಳದ್ದು. ರಜೆಗೆ ಬಂದವಳು ನಮ್ಮ ಅಡಿಕೆ ಮಾರಿದ ಬಿಲ್ಲುಗಳನ್ನು ಎಕ್ಸೆಲ್‌ಗೆ ಹಾಕಿದಳು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳನ್ನೆಲ್ಲ ಸೇರಿಸಿ ಸುಮ್ನೆ ಸರಾಸರಿ ತೆಗೆದರೆ ಅರ್ಥವಿಲ್ಲ, ಅಲ್ವಾ? ಬೇರೆ ಬೇರೆ ಮಾಡಿದಳು. ಚಾಲಿಯಲ್ಲಿ ಒಂದೆರಡು ಸಲ ಸಿಕ್ಕ ಜಾಸ್ತಿ ರೇಟು ಸರಾಸರಿಯನ್ನು ಮೇಲೆತ್ತಿತ್ತು. ಮೀಡಿಯನ್, ಅಂದರೆ ಬೆಲೆಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು, ಅದಕ್ಕಿಂತ ಕಡಿಮೆ. ಬೆಳೆಸಾಲ ತೀರಿಸುವ ಲೆಕ್ಕವನ್ನು ಈ ಸಲ ಅದರ ಮೇಲೇ ಹಾಕಿದ್ದೇವೆ.

ಶಿರಸಿ ಸುಪಾರಿಗೆ, ಅಂದರೆ ನಮ್ಮ ಅಡಿಕೆಗೆ, 2019ರಲ್ಲೇ ಜಿಐ ಟ್ಯಾಗ್ (ಇಂಥ ಊರಿನದೇ ಎಂಬ ಗುರುತು) ಸಿಕ್ಕಿದೆ; ಅದರ ರೇಟು ಪಾಠವಾಗಬಾರದೇಕೆ? ಕಾರವಾರದಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ 61 ದಿನ ಕಡಲಿಗಿಳಿಯುವಂತಿಲ್ಲ. ಆಗಿನ ಮೀನಿನ ರೇಟೂ ಒಳ್ಳೆಯ ಅಭ್ಯಾಸವೇ. ಜಿಲ್ಲೆಯ ಮಕ್ಕಳಿಗೆ ಕಾಲೇಜಿನವರು ದಯವಿಟ್ಟು ಇಂಥ ಲೆಕ್ಕ ಕೊಡಲಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ