ಕಾಯಿಲೆಯ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ನಿಧನ ವಾರ್ತೆಗಳಲ್ಲಿ ‘ದೀರ್ಘಕಾಲದ ಅನಾರೋಗ್ಯದಿಂದ ಬಳಲುತ್ತಿದ್ದರು’ ಎಂಬ ಸಾಲು ಕಂಡಾಗಲೆಲ್ಲ ನನಗೆ ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಬೆಟ್ಟಿ ಫೋರ್ಡ್ ನೆನಪಾಗುತ್ತಾರೆ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಹೆಂಗಸರ ಬಗ್ಗೆ ಅಲ್ಲಿನ ಪತ್ರಿಕೆಗಳೂ ಒಂದು ಕಾಲದಲ್ಲಿ ಹೀಗೆಯೇ ಬರೆಯುತ್ತಿದ್ದವು.

1974ರ ಆಗಸ್ಟ್ 9ರಂದು ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದರು. ಎರಡು ತಿಂಗಳು ತುಂಬುವ ಮೊದಲೇ ಅವರ ಪತ್ನಿಯ ಬಲ ಸ್ತನದಲ್ಲಿ ಗಂಟು ಪತ್ತೆಯಾಯಿತು. ಸೆಪ್ಟೆಂಬರ್ 27ರಂದು ಬೆಟ್ಟಿಯವರು ಮಾಜಿ ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಅವರನ್ನು ಶ್ವೇತಭವನಕ್ಕೆ ಕರೆದು ಚಹಾ ಕೊಟ್ಟರು, ಗಂಟಿನ ಮಾತೆತ್ತಲಿಲ್ಲ. ಅತಿಥಿಗಳು ಹೊರಟ ಮೇಲೆ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಗೆ ದಾಖಲಾದರು. ಮರುದಿನ ಸ್ತನ ತೆಗೆದರು. ಆ ಸುದ್ದಿಯನ್ನು ಮಾತ್ರ ಮುಚ್ಚಿಡಲಿಲ್ಲ. ಯಾವ ಕಾಯಿಲೆ, ಯಾವ ಅಂಗ ಎಂಬುದನ್ನು ದೇಶಕ್ಕೆ ದೇಶವೇ ಓದಿತು.

ಕೆಲವೇ ದಿನಗಳ ನಂತರ ಆಸ್ಪತ್ರೆಯ ಪಡಸಾಲೆಯಲ್ಲಿ ಗಂಡನೊಡನೆ ಫುಟ್‌ಬಾಲ್ ಎಸೆದಾಡುವ ಅವರ ಚಿತ್ರವೊಂದಿದೆ. ಬಹಳ ವರ್ಷ ಶುಶ್ರೂಷಕಿಯಾಗಿದ್ದ ನಾನು ಅದರಲ್ಲಿ ಮೊದಲು ನೋಡಿದ್ದು ತೋಳನ್ನು. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಸ್ನಾಯುವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಆಮೇಲೆ ತಲೆ ಬಾಚಿಕೊಳ್ಳಲು ಕೈ ಎತ್ತುವುದಕ್ಕೂ ಹಲ್ಲು ಕಚ್ಚಬೇಕಾಗುತ್ತಿತ್ತು.

ಅವರ ಸುದ್ದಿ ಓದಿದ ಹೆಂಗಸರು ತಪಾಸಣೆಗೆ ಸಾಲುಗಟ್ಟಿದರು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಲಾಗಿದ್ದ ನೆಲ್ಸನ್ ರಾಕ್‌ಫೆಲ್ಲರ್ ಅವರ ಪತ್ನಿ ಹ್ಯಾಪಿ ತಾವೇ ಪರೀಕ್ಷಿಸಿಕೊಂಡು ಗಂಟು ಕಂಡುಕೊಂಡರು. ಅಕ್ಟೋಬರಿನಲ್ಲಿ ಅವರಿಗೂ ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಮದ್ಯ ಮತ್ತು ಮಾತ್ರೆಗಳ ಚಟವನ್ನೂ ಬೆಟ್ಟಿ ಹೀಗೆಯೇ ಒಪ್ಪಿಕೊಂಡು, 1982ರಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಚೊ ಮಿರಾಜ್‌ನಲ್ಲಿ ಚಿಕಿತ್ಸಾ ಕೇಂದ್ರವನ್ನೇ ಕಟ್ಟಿದರು. 2011ರಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಕ್ಯಾನ್ಸರ್ ಪತ್ತೆಯಾದ ಮೇಲೆ 36 ವರ್ಷಕ್ಕೂ ಹೆಚ್ಚು ಬದುಕಿದ್ದರು.

ನನ್ನ ಅಕ್ಕ ಎರಡೂ ಕಾಲು ವರ್ಷ ಬದುಕಿದಳು. ಎದೆಯ ಗಂಟನ್ನು ಎಂಟು ತಿಂಗಳು ಸೆರಗಿನಡಿ ಮುಚ್ಚಿಟ್ಟಿದ್ದಳು. ವಾರ್ಡಿನಲ್ಲಿ ಇಂಥ ಗಾಯಗಳಿಗೆ ನಿತ್ಯ ಪಟ್ಟಿ ಕಟ್ಟುತ್ತಿದ್ದ ತಂಗಿಗೂ ಹೇಳಲಿಲ್ಲ. ಯಾಕೆ ಅಕ್ಕಾ ಎಂದು ಕೇಳಿದರೆ, ‘ಹೇಗೆ ಹೇಳುವುದೇ, ಆ ಜಾಗದ್ದು’ ಎಂದಳು. ಅವಳು ಹೋದ ದಿನ ತಮ್ಮ ಕಚೇರಿಗೆ ‘ದೀರ್ಘಕಾಲದ ಅನಾರೋಗ್ಯ’ ಎಂದು ಬರೆದುಕೊಟ್ಟವಳು ನಾನೇ. ಮನೆಯವರು ಹಾಗೆ ಬಯಸಿದರು, ನಾನು ಎದುರಾಡಲಿಲ್ಲ. ಆ ಸಾಲು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕುಟುಂಬದವರು ಒಪ್ಪಿದಲ್ಲಿ ಕಾಯಿಲೆಯ ಹೆಸರನ್ನು ಅಚ್ಚು ಹಾಕಿರಿ. ಸುದ್ದಿ ಬರೆದುಕೊಳ್ಳುವ ತಮ್ಮ ಸಿಬ್ಬಂದಿ ಮನೆಯವರನ್ನು ಅದೊಂದು ಮಾತು ಕೇಳಲಿ. ಮುಂದಿನ ತಿಂಗಳು ಅಕ್ಕನ ಪುಣ್ಯಸ್ಮರಣೆಯ ಪ್ರಕಟಣೆ ಕಳುಹಿಸುತ್ತೇನೆ. ಈ ಸಲ ಮನೆಯವರೆಲ್ಲರೂ ಒಪ್ಪಿದ್ದಾರೆ. ಅದರಲ್ಲಿ ‘ಸ್ತನ ಕ್ಯಾನ್ಸರ್’ ಎಂದೇ ಬರೆದಿರುತ್ತೇನೆ, ದಯವಿಟ್ಟು ತಿದ್ದಬೇಡಿ.

– ನಿವೃತ್ತ ಶುಶ್ರೂಷಕಿ